ಹಳಿಯ ಆಚೆಗೆ

ಶವದ ವಿಮಾನ ಹೊತ್ತವರು ಇಳಿಜಾರಿನಲ್ಲಿ ಗಕ್ಕನೆ ನಿಂತರು. ಮುಂದಿದ್ದ ಶಶಿಧರ ತೊಡೆಮಟ್ಟದ ಕೆಸರುನೀರಿಗಿಳಿದು, ಹೆಗಲ ಬೊಂಬು ಬಿಡದೆ ಹಾಗೇ ಹಿಂದಕ್ಕೆ ಹತ್ತಿದ. ಬಿದಿರಿನ ವಿಮಾನದಲ್ಲಿ ವಿಭೂತಿ ಧರಿಸಿ ಕೂತಿದ್ದ ಅವನ ತಾಯಿ ಕಲ್ಲಮ್ಮನ ದೇಹ ಮುಂದಕ್ಕೊಮ್ಮೆ ವಾಲಿ ನೆಟ್ಟಗಾಯಿತು.

ರೈಲು ಹಳಿಯ ಕೆಳಗಿನ ಅಂಡರ್‌ಪಾಸು ಎರಡು ದಿನದ ಮಳೆಗೆ ತುಂಬಿಹೋಗಿತ್ತು. ಸ್ಮಶಾನವಿದ್ದದ್ದು ಆಚೆ, ಕಾಫಿ ತೋಟದ ಅಂಚಿನಲ್ಲಿ.

“ಮೇಲಿಂದ್ಲೇ ದಾಟ್ಸಿ,” ಎಂದರು ಕಲ್ಲಮ್ಮನ ಗಂಡ ಚಂದ್ರಶೇಖರಪ್ಪ.

“ಬೇಡ ಮಾವ,” ಎಂದಳು ಸೊಸೆ ರಂಜಿತಾ. “ಇವತ್ತು ಹೊಸ ಫಾಸ್ಟ್ ಗಾಡಿ ಓಡ್ಸಿ ನೋಡ್ತಾರಂತೆ. ಹಳಿ ಹತ್ರ ಹೋಗ್ಬೇಡಿ ಅಂತ ನಿನ್ನೆ ಮೈಕಲ್ಲಿ ಕೂಗ್ಕೊಂಡು ಹೋದ್ರು. ಸುತ್ತಿ ಹೋಗಣ.”

“ಸುತ್ತುದಾರೀಲಿ ಮರ ಬಿದ್ದಿದೆ ಮಾರಾಯ್ತಿ,” ನೆರೆಮನೆಯ ಪರಮೇಶ್ವರ ಹೇಳಿದ. “ಡೀಸೆಲ್ ಗಾಡಿಯಾಗಿದ್ರೆ ದೂರದಿಂದ್ಲೇ ಕೇಳ್ತಿತ್ತು. ಈ ಕರೆಂಟ್ ಗಾಡಿ ಬೆನ್ನ ಹಿಂದೆ ಬಂದ್ರೂ ತಿಳಿಯಲ್ಲ.” ಆಮೇಲೆ ದನಿ ತಗ್ಗಿಸಿ, “ರೈಲ್ವೆ ಗೇಟು ಹೋಗ್ಲಿ ಅಂತ ಕೈ ಎತ್ತಿದ್ದು ಯಾರು ಮತ್ತೆ,” ಎಂದ.

ಯಾರೂ ವಿಮಾನದ ಕಡೆ ನೋಡಲಿಲ್ಲ.

*

ಮೊದಲು ಕೈ ಎತ್ತಿದ್ದು ಕಲ್ಲಮ್ಮನೇ. ಗೇಟು ಮುಚ್ಚಿ ಕೆಳಗೆ ದಾರಿ ಮಾಡಲು ಊರು ಒಪ್ಪಿದರೆ ಪ್ಯಾಸೆಂಜರ್ ಗಾಡಿ ಇಲ್ಲಿ ನಿಲ್ಲುವಂತೆ ಮಾಡಬಹುದೆಂದು ಶಾಲೆಯಂಗಳದ ಸಭೆಯಲ್ಲಿ ಅಧಿಕಾರಿಯೊಬ್ಬರು ಹೇಳಿದ್ದರು. ಗಂಡಸರು ಗೇಟು ಬಿಡಲು ಹಿಂಜರಿದಿದ್ದರು. ಆಗಷ್ಟೇ ಮದುವೆಯಾಗಿ ಬಂದಿದ್ದ ರಂಜಿತಾ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದೆ ನರ್ಸಿಂಗ್ ಓದು ಬಿಡುವುದರಲ್ಲಿದ್ದಳು.

“ರೈಲು ನಿಲ್ಲಲಿ ಸ್ವಾಮಿ. ಗೇಟು ಹೋದ್ರೆ ಹೋಗ್ಲಿ,” ಎಂದಿದ್ದಳು ಕಲ್ಲಮ್ಮ.

ರೈಲು ನಿಂತಿತು. ರಂಜಿತಾ ಓದು ಮುಗಿಸಿ ಚಿಕ್ಕಮಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಬುತ್ತಿ ಹಿಡಿದು ಜೊತೆಗೆ ಬರುತ್ತಿದ್ದ ಅತ್ತೆ, ಗಾಡಿ ಹೊರಟ ಮೇಲೂ ಪ್ಲಾಟ್‌ಫಾರ್ಮ್ ಬಿಟ್ಟು ಕದಲುತ್ತಿರಲಿಲ್ಲ. ಅದನ್ನು ‘ನಮ್ ಸೊಸೆ ಗಾಡಿ’ ಎಂದೇ ಕರೆಯುತ್ತಿದ್ದಳು.

ನಿನ್ನೆ ಮಧ್ಯಾಹ್ನ ಕಲ್ಲಮ್ಮನಿಗೆ ಎದೆನೋವು ಬಂತು. ಆಂಬುಲೆನ್ಸ್ ನೀರಿನ ಆಚೆ ದಡದಲ್ಲಿ ಕೆಂಪು ದೀಪ ತಿರುಗಿಸುತ್ತ ನಿಂತಿತು. ಕುರ್ಚಿಯಲ್ಲಿ ಕೂರಿಸಿ ಬೇಲಿ ಹತ್ತಿಸಿ ಹಳಿ ದಾಟಿಸುವಷ್ಟರಲ್ಲಿ ಅವಳ ಕುತ್ತಿಗೆ ವಾಲಿತ್ತು. ರಂಜಿತಾ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ಕಾಯುತ್ತಿದ್ದಳು.

*

ಹಳಿಯ ಎರಡೂ ಬದಿಯ ಬೇಲಿಯ ತಂತಿ ಕತ್ತರಿಸಿದರು.

“ತಗ್ಗಿಸ್ರೋ, ಮೇಲೆ ಕರೆಂಟಿದೆ,” ಎಂದ ಪರಮೇಶ್ವರ. ವಿಮಾನವನ್ನು ಸೊಂಟದ ಮಟ್ಟಕ್ಕಿಳಿಸಿ, ಕಳ್ಳರ ಹಾಗೆ ಬಗ್ಗಿ, ಜಲ್ಲಿಕಲ್ಲಿನ ಮೇಲೆ ಜಾರುತ್ತ ನಡೆದರು. ರಂಜಿತಾ ಹಳಿಗಳ ನಡುವೆ ನಿಂತು ತಿರುವಿನ ಕಡೆ ನೋಡಿದಳು. ಅಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಎಲ್ಲರೂ ದಾಟಿದರು.

ಗುಂಡಿಗೆ ಮಣ್ಣೆಳೆಯುತ್ತಿದ್ದಾಗ ಕಾಫಿ ಗಿಡಗಳೆಲ್ಲ ಒಂದೇ ಕಡೆಗೆ ಬಾಗಿದವು. ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಬೆಳ್ಳಗೆ ಏನೋ ಹರಿದುಹೋಯಿತು. ಗಾಡಿಯ ಕೂಗು ಕೇಳಿಸಿದ್ದು ಅದು ದಾಟಿದ ಮೇಲೆ.

“ನಿಲ್ಲಲೇ ಇಲ್ವಲ್ಲಮ್ಮ,” ಎಂದರು ಚಂದ್ರಶೇಖರಪ್ಪ, ಹಿಡಿಮಣ್ಣು ಹಿಡಿದುಕೊಂಡೇ.

“ಅದು ಇಲ್ಲಿ ನಿಲ್ಲಲ್ಲ ಮಾವ.”

ಮರಳುವ ಹೊತ್ತಿಗೆ ಬೇಲಿಯ ಬಳಿ ಜನ ಸೇರಿದ್ದರು. ನೀರಿನ ದಂಡೆಯಲ್ಲಿ ಕಾದು ಸಾಕಾದ ಹಾಲಿನ ಕ್ಯಾನಿನ ಹೆಂಗಸರು, ಶಾಲೆ ಬಿಟ್ಟು ಬಂದ ಮಕ್ಕಳು.

“ಆ ತಂತಿ ಕಟ್ಬಿಡಿ ರೀ,” ಎಂದಳು ರಂಜಿತಾ ಗಂಡನಿಗೆ.

“ನಾವೂ ಮನೆಗೆ ಹೋಗ್ಬೇಕಲ್ಲೇ,” ಎಂದ ಶಶಿಧರ. “ನಾಳೆ ಕಟ್ತೀನಿ.”

ಚಂದ್ರಶೇಖರಪ್ಪನವರ ಪಂಚೆ ತಂತಿಯ ಮುಳ್ಳಿಗೆ ಸಿಕ್ಕಿಕೊಂಡಿತು. ರಂಜಿತಾ ಅದನ್ನು ಬಿಡಿಸಿ, ಕತ್ತರಿಸಿದ ತಂತಿಗಳನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಅವರು ದಾಟಿದರು. ಹಿಂದೆಯೇ ಒಬ್ಬ ಹುಡುಗಿ ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಬಂದಳು.

“ಅಕ್ಕ, ಹಾಗೇ ಹಿಡ್ಕೊಂಡಿರಿ.”

ಮಕ್ಕಳು ಒಬ್ಬೊಬ್ಬರಾಗಿ ಅವಳ ತೋಳಿನಡಿ ನುಸುಳಿ ಹಳಿಗೆ ಹತ್ತಿದರು. ರಂಜಿತಾ ತಂತಿ ಬಿಡದೆ, ತಿರುವಿನ ಮೇಲೆ ನೆಟ್ಟ ಕಣ್ಣು ಕೀಳದೆ ನಿಂತಳು.