ನಾನು ಬಸ್ಸು ಹತ್ತಿಸಿದ ಹೆಂಗಸರು

ಮುಟ್ಟು ಯಾವ ವಯಸ್ಸಿಗೆ ನಿಂತಿತು ಎಂದು ಕೇಳಿಕೊಂಡು ಡಾಕ್ಟರ್ ಕೃಷ್ಣವೇಣಿ ನಮ್ಮೂರಿಗೆ ಬಂದಾಗ ಶೇಂಗಾ ಕೀಳುವ ಕಾಲ. ಮಡಕಶಿರಾ ಕಡೆಯ ಹೆಣ್ಣುಮಗಳು. ಔಷಧಿ ಕೊಡುವ ಡಾಕ್ಟರಲ್ಲ, ಸಂಶೋಧನೆ ಮಾಡುವವರು. ಡಿ. ಹಿರೇಹಾಳಿನ ಹತ್ತಿರದ ನಮ್ಮೂರ ಹೆಂಗಸರನ್ನೆಲ್ಲ ಗುಡಿಕಟ್ಟೆಗೆ ಕರೆಸಿ, ಹಿಮ್ಮಡಿಯನ್ನು ಒಂದು ಮಿಷನ್ನಿನೊಳಗೆ ಇಡಿಸಿ ಎಲುಬಿನ ಗಟ್ಟಿತನ ನೋಡಿದರು, ರಕ್ತ ತೆಗೆದರು, ಹಾಳೆ ತುಂಬಿದರು.

"ನಿಮ್ಗೆ ಯಾವಾಗ ನಿಂತೋಯ್ತಮ್ಮ?" ಎಂದು ಚಿತ್ತಮ್ಮನನ್ನು ಕೇಳಿದರು.

"ಅದಾಗೇ ನಿಲ್ಲಲಿಲ್ರಿ, ನಾವ ನಿಲ್ಲಿಸಿದ್ವಿ," ಎಂದಳು ಚಿತ್ತಮ್ಮ. ಹೆಂಗಸರು ನಕ್ಕರು. "ಯಾವ ವರ್ಷ ಅಂತ ಉಜ್ಜಿನಮ್ಮನ್ನ ಕೇಳ್ರಿ. ಬಳ್ಳಾರಿ ಬಸ್ಸು ಹತ್ತಿಸಿದಾಕಿ ಆಕೀನ."

ಉಜ್ಜಿನಮ್ಮ ಎಂದರೆ ನಾನು. ಹನ್ನೊಂದು ಮಂದಿಯನ್ನು ಗರ್ಭಚೀಲ ತೆಗೆಸಲು ಕರೆದುಕೊಂಡು ಹೋಗಿದ್ದೆ. ಯಾರೋ ಹೇಳಿ ಮಾಡಿದ್ದಲ್ಲ, ಒಳ್ಳೆಯದೆಂದೇ ಮಾಡಿದ್ದು. ನಮ್ಮದು ಕುರಿ ಸಾಕುವ ಊರು. ಮುಟ್ಟಾದವಳು ಕುರಿ ರೊಪ್ಪದೊಳಗೆ ಕಾಲಿಟ್ಟರೆ ಮರಿ ಉಳಿಯುವುದಿಲ್ಲ ಎಂದು ಹಿರಿಯರ ಕಾಲದಿಂದ ನಂಬಿದ್ದೇವೆ. ಗಂಡಸರು ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೋದಾಗ ಮುಳ್ಳುಬೇಲಿಯೊಳಗಿನ ಮರಿಗಳನ್ನು ನೋಡುವವರು ಹೆಂಗಸರೇ. ಐದು ದಿನ ಬೇಲಿಯ ಹೊರಗೆ ನಿಂತು ಒಳಗಿನ ಮರಿ ಅರಚುವುದನ್ನು ಕೇಳಬೇಕು. ಎರಡು ಮಕ್ಕಳಾದ ಮೇಲೆ ಈ ಚೀಲ ಯಾತಕ್ಕೆ ಎಂದು ನಾವೇ ಅಂದುಕೊಂಡೆವು. ಆಸ್ಪತ್ರೆಯವರು ಬೇಡ ಎನ್ನಲಿಲ್ಲ.

ಒಬ್ಬೊಬ್ಬರ ವರ್ಷವನ್ನೂ ಹೇಳಿದೆ. ಕುರಿಗಳಿಗೆ ನೀಲಿನಾಲಿಗೆ ರೋಗ ಬಂದ ವರ್ಷ ಚಿತ್ತಮ್ಮ, ಅದರ ಮರುವರ್ಷ ಮೈಲಾರಮ್ಮ. ಕೊನೆಯವಳು ನನ್ನ ಹಿರಿಸೊಸೆ ಮಂಜುಳ, ಏಳು ವರ್ಷದ ಹಿಂದೆ. ಆಗ ಅವಳಿಗೆ ಇಪ್ಪತ್ತೇಳು.

ಮಂಜುಳ ಹಿಮ್ಮಡಿ ಇಟ್ಟಾಗ ಡಾಕ್ಟರು ಎರಡೆರಡು ಸಲ ನೋಡಿದರು. ಅವಳ ಬಲಗೈಗೆ ಸಿಮೆಂಟಿನ ಕಟ್ಟು ಇತ್ತು. ಹಿಂದಿನ ತಿಂಗಳು ಮಣಿಕಟ್ಟು ಮುರಿದಿತ್ತು; ಬಿದ್ದಿರಲಿಲ್ಲ, ಬರೇ ಒಂದು ಮರಿ ಎತ್ತಿದ್ದಳು. ಡಾಕ್ಟರು ಅವಳ ಆಪರೇಷನ್ ಚೀಟಿ ತರಿಸಿ ಓದಿದರು.

"ಅಜ್ಜಿ, ಚೀಲದ ಜೊತೆಗೆ ಎರಡು ಅಂಡಾಶಯನೂ ತೆಗ್ದವ್ರೆ. ಮೈಗೆ ಬೇಕಾದ ಹಾರ್ಮೋನು ಹುಟ್ಟೋದೇ ಅಲ್ಲಿ. ಅವು ಹೋದ್ರೆ ಎಲುಬು ಸವೀತದೆ. ಈಯಮ್ಮಂದು ಎಪ್ಪತ್ತರ ಮುದುಕಿ ಎಲುಬು ಆಗೈತೆ."

"ನಮ್ಮತ್ತಿದು ಹೆಂಗದಾವ್ರಿ?" ಮಂಜುಳ ಕೇಳಿದಳು.

"ನಿಮ್ಮತ್ತೇದು ನಿನ್ನವಕ್ಕಿಂತ ಗಟ್ಟಿ ಅವೆ."

ಮಂಜುಳ ನನ್ನ ಕಡೆ ನೋಡಲಿಲ್ಲ. ಮೈಯೆಲ್ಲ ಬೆಂಕಿ ಹತ್ತಿದಂತಾಗುತ್ತದೆ ಎಂದು ಅವಳು ಏಳು ವರ್ಷ ಹೇಳಿದ್ದಳು. ಮಜ್ಜಿಗೆ ಕುಡಿ ಎಂದು ನಾನು ಏಳು ವರ್ಷ ಹೇಳಿದ್ದೆ. ಒಪ್ಪಿಗೆಯ ಹಾಳೆಗೆ ಹೆಬ್ಬೆಟ್ಟು ಒತ್ತಿದವಳೂ ನಾನೇ.

ಕಿರಿಸೊಸೆ ಸುನೀತಾ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಬರುವ ಸೋಮವಾರ ಅವಳಿಗೂ ಅದೇ ಆಪರೇಷನ್. ಮಂಜುಳಳ ಕೈ ಮುರಿದ ಮೇಲೆ ಮರಿಗಳೆಲ್ಲ ಅವಳೊಬ್ಬಳ ಮೇಲೆ ಬಿದ್ದಿದ್ದವು. ನನ್ನ ಮೊಣಕಾಲು ಬಗ್ಗುವುದಿಲ್ಲ.

ಮನೆಗೆ ಬಂದು ಹೇಳಿದೆ: "ನೀ ಹೋಗಬ್ಯಾಡವ್ವ. ಮುಟ್ಟಾದಾಗನೂ ರೊಪ್ಪದಾಗ ಹೋಗು. ಬಾಗಿಲು ನಾನ ತೆಗೀತೀನಿ."

"ಒಂದು ಮರಿ ಸತ್ರ?"

"ಸಾಯ್ಲಿ ಬಿಡು."

"ನೀವು ಹಂಗಂತೀರಿ ಅತ್ತಿ. ಊರವ್ರು ಯಾರ ಹೆಸರು ಹೇಳ್ತಾರ? ನಿಮ್ಮ ಮಗ ಯಾರಿಗೆ ಹೊಡೀತಾನ?"

ಅವಳ ಗಂಡ ಮುತ್ತುರಾಜ್ ನಾನು ಹೆತ್ತವನು. ಅವಳು ಹೇಳಿದ್ದು ಸುಳ್ಳಲ್ಲ.

ಮರುದಿನ ಡಾಕ್ಟರನ್ನು ಹುಡುಕಿಕೊಂಡು ಹೋದೆ. "ಬ್ಯಾಡ ಅಂತಲೇ ಹೇಳ್ತೀನಿ ಅಜ್ಜಿ. ಕೇಳ್ದೇ ಹೋದ್ರೆ ಅಂಡಾಶಯನಾದ್ರೂ ಉಳಿಸ್ಕಳಿ," ಎಂದು ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಸೋಮವಾರ ಬಳ್ಳಾರಿಯ ನರ್ಸಿಂಗ್ ಹೋಮಿನಲ್ಲಿ ಆ ಚೀಟಿ ಕೊಟ್ಟೆ. ಅಲ್ಲಿನ ಡಾಕ್ಟರು ಓದಿ, "ಆತು ಅಜ್ಜಿ, ಒಳಗ ನೋಡಿ ಮಾಡ್ತೀವಿ," ಎಂದರು. ಮುತ್ತುರಾಜ್ ಸಹಿ ಹಾಕಿದ. ಸುನೀತಾ ಒಳಗೆ ಹೋಗುವಾಗ ನನ್ನ ಸೆರಗು ಹಿಡಿದಳು.

"ಅವು ಎರಡು ಉಳಿಸ್ತೀರಲ್ಲ ಅತ್ತಿ?"

"ಉಳಿಸ್ತೀನಿ."

ತೆಗೆದದ್ದನ್ನು ಮನೆಯವರಿಗೆ ತೋರಿಸುವ ಪದ್ಧತಿ ಅಲ್ಲಿದೆ. ನರ್ಸು ಸ್ಟೀಲ್ ತಟ್ಟೆ ತಂದಳು. ಮುತ್ತುರಾಜ್ ಮುಖ ತಿರುಗಿಸಿದ. ಹಿಂದೆ ಹನ್ನೊಂದು ಸಲವೂ ನಾನು ಹಾಗೆಯೇ ತಿರುಗಿಸಿದ್ದೆ. ಈ ಸಲ ನೋಡಿದೆ. ಕುರಿ ಕೊಯ್ದು ಹಸನು ಮಾಡಿದ ಕೈ ನನ್ನದು, ಹೆಣ್ಣುಕುರಿಯ ಹೊಟ್ಟೆಯಲ್ಲಿ ಏನು ಎಲ್ಲಿರುತ್ತದೆಂದು ಬಲ್ಲೆ. ನಡುವೆ ಚೀಲ. ಅದರ ಎಡಕ್ಕೊಂದು, ಬಲಕ್ಕೊಂದು, ಬಾದಾಮಿಯಷ್ಟು, ಬೆಳ್ಳಗೆ.

"ಇವ್ನ ಯಾಕ ತೆಗೆದ್ರಿ?"

"ಮುಂದ ಕ್ಯಾನ್ಸರ್ ಆಗಬಾರ್ದಲ್ಲ ಅಜ್ಜಿ," ಎಂದು ನರ್ಸು ತಟ್ಟೆಗೆ ಬಟ್ಟೆ ಮುಚ್ಚಿದಳು.

ಸಂಜೆಗೆ ಸುನೀತಾಳಿಗೆ ಎಚ್ಚರವಾಯಿತು. ನೀರು ಕೊಡಬಾರದೆಂದಿದ್ದರು. ಹತ್ತಿ ಅದ್ದಿ ತುಟಿ ಒರೆಸಿದೆ.

"ಬಿಟ್ಟಾರೇನ್ರಿ ಅತ್ತಿ?"

ಅವಳಿಗೆ ಇನ್ನೂ ಇಪ್ಪತ್ತೊಂಬತ್ತು.

"ಇಲ್ಲವ್ವ. ತೆಗೆದಾರ," ಎಂದೆ.

ಅವಳು ಮೇಲಿನ ಫ್ಯಾನು ನೋಡುತ್ತ, "ಇವತ್ತು ಮರಿಗೆ ಸೊಪ್ಪು ಯಾರು ಹಾಕ್ಯಾರ?" ಎಂದು ಕೇಳಿದಳು.