ಮೇಷ್ಟ್ರಿಗೆ ಎರಡು ಒತ್ತು

ಕಿಟ್ಟಿಯ ಮನೆಯಲ್ಲಿ ಕಂಪನಿ ಬದಲಾಯಿಸುವ ಪದ್ಧತಿ ಇರಲಿಲ್ಲ. ಕುಕ್ಕರು, ಸ್ಕೂಟರು, ಕಾಫಿಪುಡಿ, ಎಲ್ಲಕ್ಕೂ ಅವನ ಅಪ್ಪ ಒಂದೊಂದು ಹೆಸರು ಹಿಡಿದಿದ್ದರು. ಅಪ್ಪ ಹೋದರು, ಹೆಸರುಗಳು ಉಳಿದವು. ಬ್ಯಾಂಕಿನ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ತ್ಯಾಗರಾಜನಗರದವರಿಗೆಲ್ಲ ಅವನು ಕಿಟ್ಟಿಯೇ. ಹೆಂಡತಿ ಮೈತ್ರೇಯಿ ಮನೆಯಲ್ಲೇ ಕನ್ನಡ ಟೈಪಿಂಗ್ ಶುರು ಮಾಡಿದಾಗ ಅವನು ಲ್ಯಾಪ್‌ಟಾಪಿಗೂ ಒಂದು ಹೆಸರು ಹಿಡಿದ: ಝೆನಾರ್. ಕಪ್ಪಗೆ, ಭಾರವಾಗಿ, ನೋಡಿದರೆ ನಂಬಿಕೆ ಬರುವಂಥದ್ದು.

ಮೈತ್ರೇಯಿಯ ಬೆರಳುಗಳ ಬಗ್ಗೆ ಕಿಟ್ಟಿಗೆ ಒಳಗೊಳಗೇ ಹೆಮ್ಮೆ. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಅವಳು ಅವರ ಮುಖ ನೋಡುತ್ತಲೇ ಟೈಪ್ ಮಾಡುತ್ತಿದ್ದಳು. ಮಾತು ನಿಂತಾಗ ಬೆರಳೂ ನಿಲ್ಲುತ್ತಿತ್ತು. ಆ ಹೆಮ್ಮೆಯೇ ೨೦೦೭ರಲ್ಲಿ ಅವನನ್ನು ಇಕ್ಕಟ್ಟಿಗೆ ತಂದದ್ದು.

ಜಯನಗರದ ಹೈಸ್ಕೂಲಿನಲ್ಲಿ ಅವನಿಗೆ ಕನ್ನಡ ಕಲಿಸಿದ ನೀಲಕಂಠಪ್ಪ ಮೇಷ್ಟ್ರಿಗೆ ಹಳೇ ವಿದ್ಯಾರ್ಥಿಗಳು ಸನ್ಮಾನ ಮಾಡಬೇಕೆಂದಿದ್ದರು. ಕರೆಯಲು ಕಿಟ್ಟಿ ಕೋಣನಕುಂಟೆಗೆ ಹೋದ. ಮೇಷ್ಟ್ರಿಗೆ ಕಿವಿ ಪೂರ್ತಿ ಹೋಗಿತ್ತು. ಹೆಂಡತಿ ಶರಣಮ್ಮ ಹಾಳೆಯ ಮೇಲೆ ವಿಷಯ ಬರೆದು ತೋರಿಸಿದರು.

"ಬರಲ್ಲ ಹೋಗಯ್ಯ," ಅಂದರು ಮೇಷ್ಟ್ರು. "ಎಲ್ಲರೂ ನಗ್ತೀರಿ, ಯಾಕೆ ನಕ್ರು ಅಂತ ನಾನು ಮುಖ ಮುಖ ನೋಡ್ಕೊಂಡು ಕೂತಿರಬೇಕಾ? ಮದುವೆ ಮನೇಲಿ ಅದನ್ನೇ ಮಾಡಿ ಮಾಡಿ ಸಾಕಾಗಿದೆ."

ಕಿಟ್ಟಿ ಹಾಳೆ ಇಸಿದುಕೊಂಡು ಬರೆದ: ಆಡಿದ ಮಾತೆಲ್ಲ ಆಗಿಂದಾಗಲೇ ದೊಡ್ಡ ಪರದೆಯ ಮೇಲೆ ಕನ್ನಡದಲ್ಲಿ ಬರುತ್ತೆ. ಮೈತ್ರೇಯಿ ಟೈಪ್ ಮಾಡ್ತಾಳೆ.

ಮೇಷ್ಟ್ರು ಎರಡು ಸಲ ಓದಿದರು. "ಒತ್ತಕ್ಷರ ನೆಟ್ಟಗೆ ಬರುತ್ತೇನಯ್ಯ? ಕನ್ನಡದ ಕೈಕಾಲು ಮುರಿದು ತೋರಿಸಿದ್ರೆ ಎದ್ದು ಆಟೋ ಹಿಡೀತೀನಿ. ಈಗಲೇ ಹೇಳಿದೀನಿ."

ಅವರು ಹಾಗೆ ಮಾಡುವವರೇ. ಹಿಂದೊಮ್ಮೆ ಸ್ಕೂಲಿನ ಸಮಾರಂಭದಲ್ಲಿ ಬ್ಯಾನರಿನ ಕಾಗುಣಿತ ತಪ್ಪಿದೆಯೆಂದು ಮುಖ್ಯ ಅತಿಥಿ ಬರುವ ಮೊದಲೇ ಮನೆಗೆ ಹೋಗಿದ್ದರು.

ಮನೆಗೆ ಬಂದು ಅಭ್ಯಾಸಕ್ಕೆ ಕೂತರೆ, ಕಿಟ್ಟಿ ಹೇಳಿದ ಮೊದಲ ವಾಕ್ಯ ಪರದೆಯ ಮೇಲೆ ಹೀಗೆ ಬಂತು: ನೀಲಕಂಠಪಪ ಮೇಷಟರಿಗೆ ನಮಸಕಾರ.

"ಇದೇನೇ ಇದು, ಮೇಷಟರು?"

"ಎಫ್ ಕೀ ಸತ್ತಿದೆ ರೀ."

ಕನ್ನಡ ಟೈಪ್ ಮಾಡುವವರಿಗೆ ಎಫ್ ಸಾಮಾನ್ಯ ಕೀಲಿಯಲ್ಲ. ಒತ್ತಕ್ಷರ ಬೇಕಾದಾಗಲೆಲ್ಲ ಎರಡು ಅಕ್ಷರಗಳ ನಡುವೆ ಅದನ್ನೇ ಒತ್ತಬೇಕು. ಅಪ್ಪನಿಗೆ ಒಂದು ಸಲವಾದರೆ ಮೇಷ್ಟ್ರಿಗೆ ಎರಡು ಸಲ. ಉಳಿದ ಕೀಲಿಗಳೆಲ್ಲ ಗಟ್ಟಿಯಾಗಿದ್ದರೂ ಅದೊಂದು ಸವೆದು ನುಣ್ಣಗಾಗಿತ್ತು. ಝೆನಾರ್ ರಿಪೇರಿಯವನು ಭಾಗ ಬರಲು ತಿಂಗಳಾಗುತ್ತದೆ ಅಂದ. ಹೊರಗಿನ ಕೀಬೋರ್ಡ್ ಸಿಕ್ಕಿಸಿ ನೋಡಿದರು. ಯಂತ್ರಕ್ಕೂ ವಯಸ್ಸಾಗಿ, ಮಾತು ಮುಗಿದು ಎಷ್ಟೋ ಹೊತ್ತಿನ ಮೇಲೆ ಅಕ್ಷರ ತೆವಳಿಕೊಂಡು ಬರುತ್ತಿತ್ತು. ಸನ್ಮಾನ ಮುಂದಿನ ಭಾನುವಾರ.

ಇಬ್ಬರೂ ಜಯನಗರ ನಾಲ್ಕನೇ ಬ್ಲಾಕಿನ ಮಾಧವನ ಕಂಪ್ಯೂಟರ್ ಅಂಗಡಿಗೆ ಹೋದರು.

"ಹೊಸ ಝೆನಾರ್ ಕೊಡಪ್ಪ," ಅಂದ ಕಿಟ್ಟಿ, ಕುರ್ಚಿ ಕೂಡ ಎಳೆದುಕೊಳ್ಳದೆ.

ಮೈತ್ರೇಯಿ ಕುರ್ಚಿ ಎಳೆದುಕೊಂಡಳು. ಬ್ಯಾಗಿನಿಂದ ಕನ್ನಡ ತಂತ್ರಾಂಶದ ಸಿ.ಡಿ. ತೆಗೆದು, "ಅಲ್ಲಿರೋ ಎಲ್ಲದಕ್ಕೂ ಇದನ್ನ ಹಾಕಿ ಕೊಡಿ" ಅಂದಳು. ಆಮೇಲೆ ಒಂದೊಂದರ ಮುಂದೆಯೂ ಕಣ್ಣುಮುಚ್ಚಿ ಕೂತು ಬರೀ ಮೇಷ್ಟ್ರು, ಮೇಷ್ಟ್ರು ಎಂದು ಒತ್ತುತ್ತಾ ಹೋದಳು. ಬಣ್ಣ ನೋಡಲಿಲ್ಲ, ಹೆಸರು ನೋಡಲಿಲ್ಲ.

"ಅಂಕಲ್, ಆಂಟಿ ತೆಂಗಿನಕಾಯಿ ತಟ್ಟಿ ನೋಡೋ ಥರ ನೋಡ್ತಾರಲ್ಲ!" ಅಂದ ಮಾಧವ.

ಹೊಸ ಝೆನಾರ್ ಮುಂದೆ ಅವಳ ಮುಖ ಹುಳ್ಳಗಾಯಿತು. "ಕಾಫೀಲಿ ಅದ್ದಿದ ಬಿಸ್ಕತ್ತಿನ ಥರ ಇದೆ. ಒತ್ತಿದ್ದು ಗೊತ್ತೇ ಆಗಲ್ಲ." ಮೂಲೆಯಲ್ಲಿದ್ದ ಬೂದುಬಣ್ಣದ ಇನ್ನೊಂದರ ಮುಂದೆ ಕೂತಾಗ ಟಕಟಕ ಎಂದು ಸದ್ದು ಬಂತು, ನಿಲ್ಲಲೇ ಇಲ್ಲ. ಕಣ್ಣು ತೆರೆದಾಗ ಪರದೆಯ ತುಂಬ ಮೇಷ್ಟ್ರು, ಒಬ್ಬರಿಗೂ ಏಟಾಗಿರಲಿಲ್ಲ. "ಇದೇ."

ಕಿಟ್ಟಿ ಬಗ್ಗಿ ಹೆಸರು ಓದಿದ. "ಪಾಲ್ಕೋನಾ? ಪಾಲಕ್ ಸೊಪ್ಪಿನ ಥರ ಇದೆ! ಝೆನಾರ್ ಐದು ವರ್ಷ ಬಂತಲ್ಲೇ."

"ಬಂತು ರೀ, ಬೈದ್ನಾ ನಾನು? ಅದರ ಕೆಲಸ ಅದು ಮಾಡ್ತು. ಹಳೇ ಪರಿಚಯ ಅಂತ ಮೇಷ್ಟ್ರನ್ನ ಮೇಷಟರು ಮಾಡಕ್ಕಾಗುತ್ತಾ?"

ಕಿಟ್ಟಿ ದುಡ್ಡು ಎಣಿಸಿ ಕೊಟ್ಟ. ದಾರಿಯಲ್ಲೆಲ್ಲ ಮುಖ ಊದಿಸಿಕೊಂಡೇ ಸ್ಕೂಟರ್ ಓಡಿಸಿದ. ಆದರೆ ಆ ವಾರ ಅವಳನ್ನು ನೋಡುತ್ತಾ ನೋಡುತ್ತಾ ಮುಖ ತಾನಾಗಿ ಇಳಿಯಿತು. ಹೊಸ ಯಂತ್ರದಲ್ಲಿ ಕೆಲವು ಕೀಲಿಗಳ ಜಾಗ ಬೇರೆಯಾಗಿತ್ತು. ಅವಳು ಅಡುಗೆಮನೆಯಲ್ಲೂ ಬೆರಳನ್ನು ಕಟ್ಟೆಯ ಮೇಲೆ ಆಡಿಸಿ ಪಳಗಿಸಿಕೊಂಡಳು. ಪೇಪರನ್ನು ಜೋರಾಗಿ ಓದಿಸಿದಳು. ಅವನ ನಾಲಿಗೆ ಸೋತಿತು, ಅವಳ ಬೆರಳು ಸೋಲಲಿಲ್ಲ. ಇಷ್ಟು ವರ್ಷ ಝೆನಾರ್ ಎಂದು ತಾನು ಹೊಗಳಿದ್ದು ಇವಳ ಕೈಯನ್ನೇ ಇರಬೇಕು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಭಾನುವಾರ ಬನಶಂಕರಿಯ ಸಭಾಂಗಣ ತುಂಬಿತ್ತು. ಮೇಷ್ಟ್ರು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಶರಣಮ್ಮ. ಮೊದಲ ಭಾಷಣ ಶುರುವಾಯಿತು, ಪರದೆಯ ಮೇಲೆ ಅಕ್ಷರ ಓಡತೊಡಗಿತು. ಮೇಷ್ಟ್ರು ಕನ್ನಡಕ ಏರಿಸಿ ತಪ್ಪು ಹುಡುಕುತ್ತಿದ್ದುದು ಕಿಟ್ಟಿಗೆ ದೂರದಿಂದಲೇ ಕಾಣುತ್ತಿತ್ತು. ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಯಾರೋ ವೈರು ಎಡವಿ ಪರದೆ ಕಪ್ಪಾಯಿತು. ಕಿಟ್ಟಿ ಓಡಿಬಂದು ವೈರು ಸಿಕ್ಕಿಸಿ, ಝೆನಾರ್‌ನಲ್ಲಿ ದೊಡ್ಡ ಪರದೆಗೆ ಚಿತ್ರ ಕಳಿಸಲು ಒತ್ತುತ್ತಿದ್ದ ಜೋಡಿ ಕೀಲಿಯನ್ನು ಅಭ್ಯಾಸಬಲದಿಂದ ಒತ್ತಿಬಿಟ್ಟ. ಪಾಲ್ಕೋದಲ್ಲಿ ಅದು ಕನ್ನಡವನ್ನು ನಿಲ್ಲಿಸಿ ಇಂಗ್ಲಿಷಿಗೆ ಹೋಗುವ ಕೀಲಿ. ಪರದೆಯೇನೋ ಬೆಳಗಿತು, ಆದರೆ ಅದರ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ.

"ಇದ್ಯಾವ ಭಾಷೆ?" ಮೇಷ್ಟ್ರು ಕೋಲಿಗೆ ಕೈಹಾಕಿ ಅರ್ಧ ಎದ್ದರು.

ಕಿಟ್ಟಿ ಬೆವತು ಇನ್ನೊಂದು ಕೀಲಿಗೆ ಕೈ ಚಾಚಿದ. ಮೈತ್ರೇಯಿ ಮೊಣಕೈಯಲ್ಲೇ ಅವನನ್ನು ಆಚೆ ತಳ್ಳಿದಳು. ಮರುಕ್ಷಣ ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬಂತು: ರೀ, ಕೈ ತೆಗೀರಿ. ಕ್ಷಮಿಸಿ ಮೇಷ್ಟ್ರೇ, ತಪ್ಪು ನಿಮ್ಮ ಶಿಷ್ಯನದ್ದು.

ಎಲ್ಲರಿಗಿಂತ ಮೊದಲು ನಕ್ಕವರು ಮೇಷ್ಟ್ರು. "ಕಿಟ್ಟೀ! ನಿನ್ನ ಕೈ ಇನ್ನೂ ಸುಮ್ನಿರಲ್ವೇನೋ?" ಎಂದು ಕೂಗಿ ಕೂತರು.

ಅಲ್ಲಿಂದ ಮುಂದೆ ಮೈತ್ರೇಯಿಯನ್ನು ಹಿಡಿಯುವವರೇ ಇರಲಿಲ್ಲ. ಒಬ್ಬ ಗಡಗಡ ಓದಿದ, ಒಬ್ಬ ಅಳುತ್ತಾ ನುಂಗಿ ನುಂಗಿ ಮಾತಾಡಿದ, ಒಬ್ಬ ಅರ್ಧ ಇಂಗ್ಲಿಷ್ ಬೆರೆಸಿದ. ಅವಳು ಅದನ್ನೂ ಕನ್ನಡ ಲಿಪಿಯಲ್ಲೇ ಇಳಿಸಿದಳು. ಸಭೆ ನಕ್ಕಾಗ ಮೇಷ್ಟ್ರೂ ನಕ್ಕರು, ಸಭೆಯ ಜೊತೆಗೇ. ಒಬ್ಬನ ಮಾತಿಗೆ ಕೂತಲ್ಲಿಂದಲೇ "ಸುಳ್ಳು, ಆವತ್ತು ಹೊಡೆದದ್ದು ನಿನಗಲ್ಲ, ಗೂಳಪ್ಪನಿಗೆ" ಎಂದು ಜಗಳಕ್ಕೂ ನಿಂತರು.

ಕೊನೆಗೆ ಯಾರೋ ಶರಣಮ್ಮನ ಕೈಗೆ ಮೈಕು ಕೊಟ್ಟರು. ಗಂಡ ಹೆಂಡತಿ ಇಬ್ಬರೂ ಕೊಪ್ಪಳದ ಕಡೆಯವರು. ಮೇಷ್ಟ್ರು ತಮ್ಮ ಮಾತನ್ನು ಯಾವತ್ತೋ ಬೆಂಗಳೂರಿಗೆ ತಿದ್ದಿಕೊಂಡಿದ್ದರು, ಶರಣಮ್ಮ ತಿದ್ದಿಕೊಂಡಿರಲಿಲ್ಲ. ಗಂಡನ ಕಡೆ ತಿರುಗಿ ಶುರುಮಾಡಿದರು.

"ನಾ ಏನ್ ಹೇಳ್ಲಿ? ನಿಮ್ಮ ಜೋಡಿ ಬಾಯಿಬಿಟ್ಟು ಮಾತಾಡಿ ಭಾಳ ದಿನ ಆತ್ರೀ. ಗುಳಿಗಿ ತಗೊಳ್ರಿ, ಬಂದಾರ ನೋಡ್ರಿ, ಅಷ್ಟ ಬರದ ತೋರಿಸ್ತೀನಿ. ಹರಟಿ ಹೊಡಿಯೂದನ್ನ ಯಾರು ಬರೀತಾರ?"

ಮೈತ್ರೇಯಿ ಒಂದಕ್ಷರ ತಿದ್ದದೆ, ಹೇಳಿದ್ದನ್ನು ಹೇಳಿದ ಹಾಗೇ ಇಳಿಸುತ್ತಿದ್ದಳು. ಇದಕ್ಕೆ ಮೇಷ್ಟ್ರು ಏನನ್ನುತ್ತಾರೋ ಎಂದು ಕಿಟ್ಟಿ ಅವರ ಕೋಲಿನ ಕಡೆ ನೋಡಿದ.

"ಮತ್ತ, ರಾತ್ರಿ ಗೊರಕಿ ಹೊಡೀತೀರಿ. ಓಣಿಗೆಲ್ಲ ಗೊತ್ತೈತಿ, ನಿಮಗೊಬ್ಬರಿಗೇ ಗೊತ್ತಿಲ್ಲ."

ಸಭೆ ಉರುಳಾಡಿ ನಕ್ಕಿತು. ಮೇಷ್ಟ್ರ ಕಣ್ಣು ಪರದೆಯ ಮೇಲೇ ಇತ್ತು. ತಪ್ಪು ಹುಡುಕುವ ಕಣ್ಣು ಅದಾಗಿರಲಿಲ್ಲ.

"ಸುಳ್ಳು ಹೇಳ್ತಾಳೆ," ಅಂದರು. ಆಮೇಲೆ ದನಿ ಇಳಿಸಿ, ಎಷ್ಟೋ ವರ್ಷ ಯಾರೂ ಅವರ ಬಾಯಲ್ಲಿ ಕೇಳಿರದ ಮಾತಿನಲ್ಲಿ, "ಮುಂದ ಹೇಳ. ಓದಾಕತ್ತೀನಿ" ಅಂದರು.

ಶರಣಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಡುಗೆಯವನು ಬಾಗಿಲಲ್ಲಿ ನಿಂತು ಎಲೆ ಹಾಕಿದ್ದಾಯಿತು ಎಂದು ಸನ್ನೆ ಮಾಡಿದ. ಕಿಟ್ಟಿ ಅವನಿಗೆ ತಡಿ ಎಂದು ಕೈಯೆತ್ತಿ, ಒಂದು ಲೋಟ ನೀರು ತಂದು ಮೈತ್ರೇಯಿಯ ಪಕ್ಕದಲ್ಲಿ, ಕೀಲಿಗಳಿಂದ ದೂರಕ್ಕೆ, ಇಟ್ಟ.