ವಾಲಿದ ಮೇಜು

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ! ಸೋತು ಬಂದು ಮೇಜಿನ ಮೇಲೆ ತಪ್ಪು ಹೊರಿಸ್ತೀಯಾ?"

ಅಣ್ಣನ ಕೂಗಿಗೆ, ಆಟ ನೋಡಲು ಮೇಲೆ ಬಂದು ಕೂತಿದ್ದ ಕೆಳಗಿನ ಟೈರಂಗಡಿಯವನು ಬೆಂಚಿನಿಂದ ಅರ್ಧ ಎದ್ದ. ತಂಗಿ ತಿರುಗಿಯೂ ನೋಡಲಿಲ್ಲ. ಚೀಲದಿಂದ ರಸಮಟ್ಟ ತೆಗೆದು ಸ್ನೂಕರ್ ಮೇಜಿನ ಹಸಿರು ಬಟ್ಟೆಯ ಮೇಲೆ ಅಡ್ಡಲಾಗಿ ಇಟ್ಟಳು. ಯಾರೋ ಗಾರೆಯವನನ್ನು ಕೇಳಿ ತಂದದ್ದು. ಅಂಚಿಗೆ ಸಿಮೆಂಟು ಒಣಗಿ ಅಂಟಿತ್ತು. ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಎಡಗಡೆಯ ಕಿಟಕಿಯತ್ತ ಸರಿದು ಕೂತಿತು.

"ನೋಡು, ಗುಳ್ಳೆ ಎತ್ತರದ ಕಡೆಗೇ ಹೋಗುತ್ತೆ. ಬಲಕ್ಕೆ, ಗೋಡೆ ಕಡೆ ತಗ್ಗು. ನೆಲ ಡೊಂಕೇ ಅಣ್ಣಾ."

"ತೆಗಿ ಅದನ್ನ. ಬಟ್ಟೆ ಹಾಳಾಗುತ್ತೆ."

ಈ ಮೇಜಿನ ಮೇಲೇ ಅವನು ಅವಳಿಗೆ ಆಟ ಕಲಿಸಿದ್ದ. ಕೆಂಪು ಚೆಂಡನ್ನು ಗೂಡಿಗೆ ತಳ್ಳುವುದು ಕತ್ತೆಗೂ ಬರುತ್ತದೆ, ಹೊಡೆಯುವ ಮುಂಚೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆಂದು ಹೇಳುವವನೇ ಆಟಗಾರ ಎನ್ನುತ್ತಿದ್ದ. ಬಟ್ಟೆಯ ಮೇಲೆ ಬಸ್ ಟಿಕೆಟ್ಟೊಂದನ್ನು ಇಟ್ಟು, "ಇದರ ಮೇಲೆ ನಿಲ್ಲಿಸು" ಎನ್ನುತ್ತಿದ್ದ. ಚೆಂಡಿನ ಹೊಟ್ಟೆಯ ಕೆಳಗೆ ಹೊಡೆದರೆ ಹಿಂದಕ್ಕೆ ಬರುತ್ತದೆ, ನೆತ್ತಿಗೆ ಹೊಡೆದರೆ ಮುಂದಕ್ಕೆ ಓಡುತ್ತದೆ. ಇದೆಲ್ಲ ಸರಿಯಾಗಿಯೇ ಹೇಳಿದ. ಜೊತೆಗೆ ಇನ್ನೊಂದು ಹೇಳಿದ: "ನಿಧಾನ ಆದ ಚೆಂಡು ಕೊನೇಲಿ ಬಲಕ್ಕೆ ಸರಿಯುತ್ತೆ. ಬಟ್ಟೆ ನೇಯೋ ರೀತಿನೇ ಹಾಗೆ, ಎಲ್ಲಾ ಮೇಜಲ್ಲೂ ಅಷ್ಟೇ. ಅಂಗೈಯಷ್ಟು ಎಡಕ್ಕೆ ಲೆಕ್ಕ ಇಟ್ಕೊಂಡು ಹೊಡಿ."

ಅವಳು ನಂಬಿದಳು. ಔಷಧಿ ಬಾಟಲಿಗೆ ಚೀಟಿ ಅಂಟಿಸುವ ಕೆಲಸ ಮುಗಿಸಿ ಸಂಜೆ ನೇರ ಇಲ್ಲಿಗೆ ಬಂದು, ಆ ಅಂಗೈಯಷ್ಟು ಎಡವನ್ನು ಮೂಳೆಗೆ ಇಳಿಯುವ ತನಕ ಕಲಿತಳು. ಸಿಟಿಯಲ್ಲಿ ಸಂಬಳ ಕೊಟ್ಟು ಆಡಿಸುವ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಆಯ್ಕೆಯಾದರೆ ಚೀಟಿ ಅಂಟಿಸುವುದು ತಪ್ಪುತ್ತಿತ್ತು. ಆ ತಂಡದ ವಯಸ್ಸಿನ ಮಿತಿಗೆ ಅವಳಿಗೆ ಇದೇ ಕೊನೆಯ ವರ್ಷ.

ನಿನ್ನೆ ಅಲ್ಲಿನ ಆಯ್ಕೆ ಪಂದ್ಯದಲ್ಲಿ ಅವಳ ಬಿಳಿ ಚೆಂಡು ಒಂದು ಸಲವೂ ಬಲಕ್ಕೆ ಸರಿಯಲಿಲ್ಲ. ನೇರ ಹೋಗಿ, ಅವಳು ಲೆಕ್ಕ ಇಟ್ಟ ಎಡದಲ್ಲೇ, ಕಪ್ಪು ಚೆಂಡಿನ ಬೆನ್ನಿಗೆ ಅಂಟಿ ನಿಂತಿತು. ಮೊದಲು ಹೆದರಿಕೆ ಅಂದುಕೊಂಡಳು. ಅಲ್ಲಿನ ಮೇಜು ಮಟ್ಟವಾಗಿದೆ ಎಂದು ಅರ್ಥವಾದ ಮೇಲೂ ಎಡಕ್ಕೆ ಪಳಗಿದ ಕೈ ಮಾತು ಕೇಳಲಿಲ್ಲ.

"ಅಲ್ಲಿನ ರೆಫ್ರಿ ಮುದುಕಪ್ಪ ನನ್ನ ನೋಡಿ ನಕ್ಕ. ನಿಮ್ಮಣ್ಣನೂ ಹಿಂದೆ ಹೀಗೇ ಎಡಕ್ಕೆ ಹೊಡೆದು ಸೋತ, ಊರಿಗೆ ಹೋಗಿ ಮೇಜು ಮಟ್ಟ ಮಾಡಿಸಪ್ಪ ಅಂತ ಆಗ್ಲೇ ಹೇಳಿದ್ದೆ ಅಂದ. ನಿಂಗೆ ಗೊತ್ತಿತ್ತು."

ಅಣ್ಣ ಕ್ಯೂ ಕೋಲಿನ ತುದಿಗೆ ಸೀಮೆಸುಣ್ಣ ತಿಕ್ಕತೊಡಗಿದ. ತಿಕ್ಕಿದ್ದನ್ನೇ ತಿಕ್ಕಿದ.

"ಮಾಸ್ಟ್ರೇ," ಟೈರಂಗಡಿಯವನು ಹಲ್ಲು ಕಿರಿದ, "ಹಾಗಾದ್ರೆ ನಾನು ಇಷ್ಟು ವರ್ಷ ನಿಮ್ಮ ಹತ್ರ ಸೋತಿದ್ದು ಲೆಕ್ಕಕ್ಕಿಲ್ಲ ಅನ್ನಿ."

"ನೀನು ಕೆಳಗೆ ಹೋಗಿ ಪಂಚರ್ ಹಾಕೋ!"

ಅವನು ಇಳಿದು ಹೋದ.

"ಯಾಕೆ ಹೇಳ್ಲಿಲ್ಲ?" ತಂಗಿ ಕೇಳಿದಳು.

"ಹೇಳಿದ್ರೆ ನನ್ನ ಹತ್ರ ಕಲೀತಿದ್ಯಾ? ಇಲ್ಲಿ ಎಲ್ರೂ ಮಾಸ್ಟ್ರು ಅಂತಾರೆ. ಈ ಬಾಗಿಲು ದಾಟಿದ್ರೆ ನಾನ್ಯಾರೇ? ಹೇಳು, ಯಾರು?"

"ನಿನ್ನ ಮಾಸ್ಟ್ರಿಕೆ ಉಳೀಲಿ ಅಂತ ನನ್ನ ಕೈ ಡೊಂಕು ಮಾಡ್ದೆ."

"ಆಯ್ತು ಮಾರಾಯ್ತಿ. ನಾಳೇನೇ ಮೇಜು ಮಟ್ಟ ಮಾಡಿಸ್ತೀನಿ. ಮೊದಲಿಂದ ಕಲಿ."

"ನನ್ನ ವಯಸ್ಸನ್ನೂ ಮಟ್ಟ ಮಾಡಿಸ್ತೀಯಾ?"

ಅವನು ಇನ್ನಷ್ಟು ಕೂಗಿದ. ಅನ್ನ ಹಾಕಿದ್ದು, ಫೀಸು ಕಟ್ಟಿದ್ದು, ಅಪ್ಪ ಸತ್ತ ಮೇಲೆ ತಾನೇ ಅಪ್ಪನಾಗಿ ನಿಂತದ್ದು ಎಲ್ಲವನ್ನೂ ಎತ್ತಿ ಆಡಿದ. ಎಲ್ಲವೂ ನಿಜ. ಅವಳು ಕೊನೆಯ ತನಕ ಕೇಳಿಸಿಕೊಂಡು, ರಸಮಟ್ಟವನ್ನು ಚೀಲಕ್ಕೆ ಹಾಕಿ ಮೆಟ್ಟಿಲಿಳಿದಳು.

"ಹೋಗು, ಹೋಗು! ಹೊಟ್ಟೆ ಹಸಿದ್ರೆ ನೀನೇ ಬರ್ತೀಯ!"

ಕಿಟಕಿಗೆ ಬಂದು ನಿಂತ. ಬಿಸಿಲಿಗೆ ರಸ್ತೆಯ ಟಾರು ಹೊಳೆಯುತ್ತಿತ್ತು. ಮೂಲೆಯ ಹೊಲಿಗೆ ಅಂಗಡಿಯ ತನಕ ಸಿಟ್ಟಿನಲ್ಲಿ ಹೋಗುತ್ತಾಳೆ, ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ, ಆಮೇಲೆ ಮನೆಯ ದಾರಿ ಹಿಡಿಯುತ್ತಾಳೆ ಅಂದುಕೊಂಡ. ಚಿಕ್ಕಂದಿನಿಂದ ಕಂಡ ಕೂಸು.

ತಂಗಿ ಮೂಲೆಯತ್ತ ಹೋಗಲಿಲ್ಲ. ನೇರ ರಸ್ತೆ ದಾಟಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಹತ್ತಿಕೊಂಡಳು.

ಬಹಳ ಹೊತ್ತಿನ ಮೇಲೆ ಅದೇ ಬಸ್ಸು ತಿರುಗಿ ಬಂತು. ಕಂಡಕ್ಟರು ಬಾಗಿಲಿನಿಂದ ತಲೆ ಹೊರಗೆ ಹಾಕಿ ಅತ್ತಿತ್ತ ನೋಡಿದ. ಯಾರೂ ಇಳಿಯಲಿಲ್ಲ. ಅವನು ಸೀಟಿ ಊದಿದ.